ಹಾಲು ಕರೆಯುವ ಯಂತ್ರ: ಹಿಡಿಯುವ ಕೈಯೇ ಕಲಿಯಬೇಕು

ಅಕ್ಕಂದಿರೇ,

“ಮಿಷಿನ್ ತಂದ ಮೇಲೆ ಹಸುವಿಗೆ ಕೆಚ್ಚಲು ಬಾವು ಬಂತು ಡಾಕ್ಟ್ರೇ” ಎಂಬ ದೂರನ್ನು ಹಳ್ಳಿಗಳಲ್ಲಿ ಆಗಾಗ ಕೇಳುತ್ತೇನೆ. ಸರಿಯಾಗಿ ನಡೆಸಿ, ಸರಿಯಾಗಿ ತೊಳೆದ ಯಂತ್ರದಿಂದ ಹಸುವಿಗೆ ತೊಂದರೆಯಿಲ್ಲ. ಆದರೆ ಯಂತ್ರ ಕೂರಿಸಲು ಬಂದವರು ಹೆಚ್ಚಾಗಿ ಮನೆಯ ಗಂಡಸರಿಗೆ ವಿವರಿಸಿ ಹೋಗುತ್ತಾರೆ. ಬೆಳಗ್ಗೆ, ಸಂಜೆ ಅದನ್ನು ಹಿಡಿಯುವವರು ನೀವು. ನಿಮ್ಮ ಕೈಯಿಂದಲೇ ಒಮ್ಮೆ ಹಾಲು ಕರೆಸಿ, ಬಿಚ್ಚಿಸಿ, ತೊಳೆಸಿ, ಜೋಡಿಸಿ ಕಲಿಸುವವರೆಗೆ ಅವರನ್ನು ಕಳುಹಿಸಬೇಡಿ.

ಗೇಜು ನೋಡಿ: ಯಂತ್ರ ಹಾಲನ್ನು ವ್ಯಾಕ್ಯೂಮ್‌ನಿಂದ ಎಳೆಯುತ್ತದೆ. ಬಕೆಟ್ ಯಂತ್ರದಲ್ಲಿ ಮುಳ್ಳು ಸಾಮಾನ್ಯವಾಗಿ 40ರಿಂದ 50 ಕಿಲೋಪಾಸ್ಕಲ್ ನಡುವೆ ಇರಬೇಕು. ಹೆಚ್ಚಾದರೆ ತೊಟ್ಟಿನ ತುದಿಗೆ ಪೆಟ್ಟು. ಕಡಿಮೆಯಾದರೆ ಕಪ್ಪು ಜಾರಿ ಬೀಳುತ್ತದೆ.

ಪಲ್ಸೇಟರ್ ಪರೀಕ್ಷಿಸಿ: ಯಂತ್ರ ಚಾಲೂ ಮಾಡಿ ಕಪ್ಪಿನೊಳಗೆ ಹೆಬ್ಬೆರಳು ಇಡಿ. ರಬ್ಬರ್ ನಿಮಿಷಕ್ಕೆ ಸುಮಾರು 60 ಬಾರಿ ಬೆರಳನ್ನು ಹಿಚುಕಿ ಬಿಡಬೇಕು. ಹಿಚುಕದೆ ಎಳೆಯುತ್ತಲೇ ಇದ್ದರೆ ರಿಪೇರಿ ಆಗುವವರೆಗೆ ಕೈಯಲ್ಲೇ ಕರೆಯಿರಿ.

ಕರೆಯುವಾಗ: ಕೆಚ್ಚಲು ತೊಳೆದು ಒರೆಸಿ, ಮೊದಲ ಧಾರೆಗಳನ್ನು ಬೇರೆ ಬಟ್ಟಲಿಗೆ ಕರೆದು ನೋಡಿ. ಹಾಲು ಒಡೆದಂತಿದ್ದರೆ ಆ ಹಸುವಿಗೆ ಯಂತ್ರ ಹಾಕಬೇಡಿ. ಅದೇ ಕಪ್ಪಿನಿಂದ ಉಳಿದ ಹಸುಗಳಿಗೂ ಬಾವು ಹರಡುತ್ತದೆ. ಹಾಲು ನಿಂತ ಮೇಲೂ ಯಂತ್ರ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಮೊದಲು ವ್ಯಾಕ್ಯೂಮ್ ನಿಲ್ಲಿಸಿ, ಆಮೇಲೆ ಕಪ್ಪು ತೆಗೆಯಿರಿ, ಜಗ್ಗಬೇಡಿ. ನಂತರ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮೇವು ಹಾಕಿ ಅರ್ಧ ಗಂಟೆ ಹಸು ಮಲಗದಂತೆ ನೋಡಿಕೊಳ್ಳಿ.

ತೊಳೆಯುವಾಗ: ಕರೆದ ತಕ್ಷಣ ಉಗುರುಬೆಚ್ಚಗಿನ ನೀರು ಹಾಯಿಸಿ. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಅಂಶ ರಬ್ಬರಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಬಿಸಿನೀರು, ತೊಳೆಯುವ ಪುಡಿ, ಬ್ರಷ್. ಕೊನೆಗೆ ಶುದ್ಧ ನೀರು. ಎಲ್ಲವನ್ನೂ ಬೋರಲು ಹಾಕಿ ಒಣಗಿಸಿ.

ರಬ್ಬರ್ ಲೈನರ್: 2,500 ಕರೆತ ಅಥವಾ 6 ತಿಂಗಳು, ಯಾವುದು ಮೊದಲೋ ಆಗ ಬದಲಿಸಿ. ಒಂದೇ ಸೆಟ್ಟಿನಲ್ಲಿ 10 ಹಸುಗಳನ್ನು ಎರಡು ಹೊತ್ತು ಕರೆದರೆ ಸುಮಾರು 4 ತಿಂಗಳಿಗೇ ಅದರ ಆಯಸ್ಸು ಮುಗಿಯುತ್ತದೆ. ಹಾಕಿದ ತಾರೀಕನ್ನು ಕೊಟ್ಟಿಗೆ ಗೋಡೆಯ ಮೇಲೆ ಬರೆದಿಡಿ. ಪಂಪಿನ ಆಯಿಲ್ ಮತ್ತು ಬೆಲ್ಟನ್ನು ವಾರಕ್ಕೊಮ್ಮೆ ನೋಡಿ.

ಕಪ್ಪು ತೆಗೆದಾಗ ತೊಟ್ಟು ನೀಲಿಗಟ್ಟಿದ್ದರೆ, ಊದಿದ್ದರೆ, ತುದಿ ಒರಟಾಗಿದ್ದರೆ, ಅಥವಾ ಸಾಧು ಹಸು ಕರೆಯುವಾಗ ಒದೆಯತೊಡಗಿದರೆ, ಯಂತ್ರವನ್ನು ಅಂದೇ ಪರೀಕ್ಷೆ ಮಾಡಿಸಿ. ಬಾವು ಬಲಿತರೆ ಆ ತೊಟ್ಟು ಮತ್ತೆ ಹಾಲು ಕೊಡದೇ ಹೋಗಬಹುದು.