ಗಡ್ಡಿಗೆ ಹೊರಟ ಸೈಕಲ್ಲಿಗೆ ಎಂಥ ಟಯರ್?

ಕಿನ್ನಾಳದಿಂದ ಕೊಪ್ಪಳಕ್ಕೆ ಬಂದು, ಮುನಿರಾಬಾದ್, ಹುಲಿಗಿ ದಾಟಿ ಸಾಣಾಪುರದ ಕಡೆ ಹೊರಳಿದರೆ ಒಂದು ದಿನದ ಸವಾರಿಯಲ್ಲಿ ವಿರುಪಾಪುರ ಗಡ್ಡಿ ಮುಟ್ಟಬಹುದು. ತುಂಗಭದ್ರೆ ಅಲ್ಲಿ ಬಂಡೆಗಳ ನಡುವೆ ಕವಲೊಡೆದು ಒಂದು ತುಂಡು ನೆಲವನ್ನು ಸುತ್ತುವರಿದಿದ್ದಾಳೆ. ಇನ್ನಷ್ಟು ಕೆಳಗೆ, ಆನೆಗೊಂದಿಯ ಬಳಿ, ನವವೃಂದಾವನದ ನಡುಗಡ್ಡೆ. ಸಮುದ್ರವಿಲ್ಲದ ನಮ್ಮ ಜಿಲ್ಲೆಗೆ ಇವೇ ದ್ವೀಪಗಳು. ಟೆಂಟು, ಹಾಸಿಗೆ, ಸಣ್ಣ ಒಲೆ ಹೇರಿಕೊಂಡು ಎರಡು ಮೂರು ದಿನ ಸುತ್ತಿ ಬರಲು ಇದಕ್ಕಿಂತ ಚೆಂದದ ಸೀಮೆ ನನಗೆ ಗೊತ್ತಿಲ್ಲ. ಹಾಗೆ ಹೊರಡುವವರು ಮೊದಲು ಕೇಳುವುದು ಯಾವ ಸೈಕಲ್ ಕೊಳ್ಳಬೇಕು ಎಂದು. ಮೊದಲು ಟಯರ್ ಗೊತ್ತು ಮಾಡಿಕೊಳ್ಳಿ, ಆ ಟಯರಿಗೆ ಜಾಗ ಕೊಡುವ ಸೈಕಲ್ಲನ್ನು ಆಮೇಲೆ ಹುಡುಕಿ ಎಂಬುದು ನನ್ನ ಮಾತು.

ಏಕೆಂದರೆ ಇಲ್ಲಿ ನೆಲ ಹತ್ತಾರು ಕಿಲೊಮೀಟರಿಗೊಮ್ಮೆ ಬದಲಾಗುತ್ತದೆ. ಹೆದ್ದಾರಿಯ ನುಣುಪು ಡಾಂಬರು, ಹಳ್ಳಿ ರಸ್ತೆಯ ಕಿತ್ತುಹೋದ ಜಲ್ಲಿ, ಕಾಲುವೆ ಏರಿಯ ಮೇಲಿನ ಮಣ್ಣುದಾರಿ, ಗುಡ್ಡದ ಬುಡದಲ್ಲಿ ಕಲ್ಲುಪುಡಿ, ಹೊಳೆದಂಡೆಯಲ್ಲಿ ಮರಳು. ಇಷ್ಟಕ್ಕೂ ಒಂದೇ ಜೋಡಿ ಟಯರ್ ಸಾಕಾಗಬೇಕು.

ಸೈಕಲ್ಲಿನ ಇಡೀ ಭಾರವನ್ನು ಹೊರುವುದು ಮುಖ್ಯವಾಗಿ ಒಳಗಿನ ಗಾಳಿ. 60 ಪೌಂಡ್ ಗಾಳಿ ಎಂದರೆ ಪ್ರತಿ ಚದರ ಇಂಚಿನ ಮೇಲೆ 60 ಪೌಂಡ್ ಒತ್ತಡ. ಸವಾರ, ಸೈಕಲ್, ಸಾಮಾನು ಸೇರಿ 105 ಕಿಲೊ ಎಂದುಕೊಳ್ಳಿ. ಹಿಂದಿನ ಗಾಲಿಯ ಮೇಲೆ ಅದರಲ್ಲಿ ಸುಮಾರು 64 ಕಿಲೊ, ಅಂದರೆ 140 ಪೌಂಡ್ ಬೀಳುತ್ತದೆ. 60 ಪೌಂಡ್ ಗಾಳಿ ಇದ್ದರೆ ಟಯರ್ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ 2.3 ಚದರ ಇಂಚು. 35 ಪೌಂಡಿಗೆ ಇಳಿಸಿದರೆ 4 ಚದರ ಇಂಚು. ಮರಳಿನಲ್ಲಿ ಹೂತುಹೋಗುವುದೋ ತೇಲುವುದೋ ತೀರ್ಮಾನವಾಗುವುದು ಈ ಲೆಕ್ಕದಲ್ಲಿ. ಆದರೆ ಸಪೂರ ಟಯರಿಗೆ 35 ಪೌಂಡ್ ಹಾಕಿ ಈ ಭಾರ ಹೇರಿದರೆ ಮೊದಲ ಕಲ್ಲಿಗೇ ರಿಮ್ ಬಡಿದು ಟ್ಯೂಬು ಎರಡು ಕಡೆ ಕತ್ತರಿಸಿಹೋಗುತ್ತದೆ. ಕಡಿಮೆ ಗಾಳಿಯ ಲಾಭ ಬೇಕಾದರೆ ಟಯರ್ ಅಗಲವಾಗಿರಲೇಬೇಕು. 1.95ರಿಂದ 2.1 ಇಂಚಿನ ಟಯರ್ ಈ ಸೀಮೆಗೆ ಸರಿಯಾದ ಅಳತೆ.

ಗಾಳಿ ಕಲ್ಲಿನ ಹಾಗೆ ಬಿಗಿಯಾಗಿದ್ದಷ್ಟೂ ಸೈಕಲ್ ಹಗುರವಾಗಿ ಓಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನುಣುಪು ರಸ್ತೆಯಲ್ಲಿ ಅದಕ್ಕೆ ಆಧಾರವೂ ಇದೆ: ಉರುಳುವಾಗ ರಬ್ಬರು ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ, ಪ್ರತಿ ಸಲ ಒಂದಿಷ್ಟು ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ಗಾಳಿ ಹೆಚ್ಚಿದ್ದರೆ ಬಾಗುವುದು ಕಡಿಮೆ. ಆದರೆ ಜಲ್ಲಿ ರಸ್ತೆಯಲ್ಲಿ ಬಿಗಿ ಟಯರ್ ಪ್ರತಿ ಕಲ್ಲಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆತ್ತಿ ಕುಕ್ಕುತ್ತದೆ. ಆ ಕುಲುಕಾಟ ನಿಮ್ಮ ಮಾಂಸಖಂಡಗಳಲ್ಲಿ, ಹೇರಿದ ಚೀಲಗಳಲ್ಲಿ ಕರಗುವ ಶಕ್ತಿ; ಅದನ್ನೆಲ್ಲ ಕೊಡುವುದು ಪೆಡಲ್ ತುಳಿಯುವ ನಿಮ್ಮ ಕಾಲೇ. ಅಗಲ ಟಯರ್ ಮೆತ್ತಗೆ ತಗ್ಗಿ ಕಲ್ಲನ್ನು ಒಳಗೆ ತೆಗೆದುಕೊಂಡು ಮುಂದೆ ಸಾಗುತ್ತದೆ. ಅಮೆರಿಕದ ಸೈಕಲ್ ತಂತ್ರಜ್ಞ ಫ್ರ್ಯಾಂಕ್ ಬರ್ಟೊ ಎಷ್ಟು ಗಾಳಿ ಬೇಕೆಂಬುದಕ್ಕೆ ಒಂದು ಸುಲಭದ ಅಳತೆ ಕೊಟ್ಟರು. ಪೂರ್ತಿ ಭಾರ ಹೇರಿ ಕುಳಿತಾಗ ಟಯರಿನ ಎತ್ತರ ಶೇ 15ರಷ್ಟು ತಗ್ಗಬೇಕು. 50 ಮಿಲಿಮೀಟರ್ ಟಯರಾದರೆ ಏಳೂವರೆ ಮಿಲಿಮೀಟರ್. ಸ್ಕೇಲ್ ಹಿಡಿದು ಮನೆಯಂಗಳದಲ್ಲೇ ನೋಡಬಹುದು. ನಮ್ಮ ಬೇಸಿಗೆಗೆ ಒಂದು ಮಾತು ಸೇರಿಸಬೇಕು: ಬೆಳಿಗ್ಗೆ 27 ಡಿಗ್ರಿಯಲ್ಲಿ 45 ಪೌಂಡ್ ತುಂಬಿದ ಟಯರು ಕಾದ ರಸ್ತೆಯಲ್ಲಿ 57 ಡಿಗ್ರಿಗೆ ಏರಿದರೆ ಒಳಗಿನ ಗಾಳಿ ಸುಮಾರು 51 ಪೌಂಡ್ ಆಗುತ್ತದೆ. ಒಳ್ಳೆಯ ಟಯರ್ ಇಷ್ಟಕ್ಕೆ ಒಡೆಯುವುದಿಲ್ಲ. ಹಳೆಯದಾಗಿ ಪಕ್ಕ ಸೀಳಿದ್ದು ಒಡೆಯಬಹುದು.

ಇಲ್ಲಿ ನಿಜವಾದ ವೈರಿ ಮುಳ್ಳು. ಬೇಲಿಗುಂಟ ಬೆಳೆದ ಬಳ್ಳಾರಿ ಜಾಲಿಯ ಕಡ್ಡಿ ದಾರಿಗೆ ಬಿದ್ದಿರುತ್ತದೆ. ನೆಗ್ಗಿಲು ಇನ್ನೂ ಮೋಸದ್ದು. ಅದರ ಕಾಯಿ ಒಣಗಿ ಹೋಳಾಗುತ್ತದೆ. ಪ್ರತಿ ಹೋಳಿಗೂ ಗಟ್ಟಿ ಮುಳ್ಳುಗಳು, ಹೇಗೆ ಬಿದ್ದರೂ ಒಂದು ಮೇಲ್ಮುಖ. ಪ್ರಾಣಿಗಳ ಗೊರಸಿಗೆ ಚುಚ್ಚಿಕೊಂಡು ಬೀಜ ದೂರ ಹೋಗಲೆಂದು ಆ ಗಿಡ ಕಂಡುಕೊಂಡ ದಾರಿಯದು. ಈಗ ಸೈಕಲ್ ಗಾಲಿಯೂ ಅದಕ್ಕೆ ವಾಹನ. ಹೀಗಾಗಿ ಟಯರ್ ಕೊಳ್ಳುವಾಗ ಮೇಲಿನ ಗೀರುಗಳ ಚೆಂದ ನೋಡಿದರೆ ಸಾಲದು, ಒಳಪದರ ಏನಿದೆ ಎಂದು ಕೇಳಬೇಕು. ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗೆ ಹುಣಸೆಬೀಜದ ಅಂಟಿನಲ್ಲಿ ಬಟ್ಟೆಯ ಚೂರು ಹಚ್ಚಿ, ಅದರ ಮೇಲೆ ಲೇಪ ಕೊಟ್ಟು, ಕೊನೆಗೆ ಬಣ್ಣ ಬಳಿಯುತ್ತಾರಲ್ಲ, ಟಯರೂ ಹಾಗೇ ಪದರ ಪದರದ ಕೆಲಸ: ಆಕಾರ ಹಿಡಿಯಲು ನೈಲಾನ್ ದಾರದ ಬಟ್ಟೆ, ಅದರ ಮೇಲೆ ಮುಳ್ಳು ತಡೆಯುವ ಪಟ್ಟಿ, ಎಲ್ಲಕ್ಕೂ ಮೇಲೆ ರಬ್ಬರು. ಕಣ್ಣಿಗೆ ಕಾಣದ ನಡುವಿನ ಪದರವೇ ಬಾಳಿಕೆ ಕೊಡುವುದು. ಷ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಟಯರಿನಲ್ಲಿ ಈ ಪಟ್ಟಿ 5 ಮಿಲಿಮೀಟರ್ ದಪ್ಪ. ಅಂಥದ್ದು ತೂಕ, ದುಬಾರಿ. ಆದರೂ ನೆಗ್ಗಿಲಿನ ಸೀಮೆಯಲ್ಲಿ ಆ ತೂಕ ಹೊರುವುದು ಲಾಭ. ಪಂಚರ್ ಆದರೆ ಹೊಸ ಟ್ಯೂಬು ಹಾಕುವ ಮೊದಲು ಟಯರಿನ ಒಳಮೈಗೆ ಹತ್ತಿ ಸವರಿ. ಮುರಿದು ಉಳಿದ ಜಾಲಿಯ ಮೊನೆ ಬೆರಳಿಗೆ ಸಿಗದಿದ್ದರೂ ಹತ್ತಿಯ ಎಳೆ ಹಿಡಿಯುತ್ತದೆ.

ಮಳೆ ಬಿದ್ದರೆ ಕತೆಯೇ ಬೇರೆ. ಯಲಬುರ್ಗಾ, ಕುಷ್ಟಗಿ ಕಡೆಯ ಎರೆ ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ. ಅದರ ಹಾಳೆಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ, ಅಂಟಾಗುತ್ತದೆ. ನಾಲ್ಕು ಸುತ್ತು ಉರುಳುವುದರೊಳಗೆ ಟಯರಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನಲ್ಲಿ ತುಂಬಿ, ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಯಾವ ಟಯರೂ ಇದನ್ನು ಗೆಲ್ಲುವುದಿಲ್ಲ. ಟಯರಿಗೂ ಫ್ರೇಮಿಗೂ ನಡುವೆ ಒಂದು ಬೆರಳು ಹೋಗುವಷ್ಟು ಸಂದು ಇದ್ದರೆ ಕಡ್ಡಿಯಿಂದ ಕೆರೆದು ತಳ್ಳಿಕೊಂಡು ಹೋಗಬಹುದು, ಅಷ್ಟೆ. ಕೊಳ್ಳುವ ಮುನ್ನ ಆ ಸಂದನ್ನು ಅಂಗಡಿಯಲ್ಲೇ ಬೆರಳಿಟ್ಟು ನೋಡಬೇಕು.

ಗಾಲಿಯ ಅಳತೆಯಲ್ಲಿ ಬಹಳ ಮಂದಿ ಮೋಸ ಹೋಗುತ್ತಾರೆ. ಹಳ್ಳಿಯ ದೊಡ್ಡ ಸೈಕಲ್ಲಿನ 28 ಇಂಚಿನ ಗಾಲಿಯಲ್ಲಿ ಟಯರ್ ಕೂರುವ ಸುತ್ತಿನ ವ್ಯಾಸ 635 ಮಿಲಿಮೀಟರ್. ಹೊಸ ಕಾಲದ 29 ಇಂಚಿನ ಗಾಲಿಯಲ್ಲಿ 622 ಮಾತ್ರ. ಹೆಸರಿನಲ್ಲಿ ದೊಡ್ಡದು, ರಿಮ್ಮಿನಲ್ಲಿ ಚಿಕ್ಕದು. 26 ಇಂಚಿನಲ್ಲೂ 559ರದ್ದು ಬೇರೆ, 590ರದ್ದು ಬೇರೆ. ಒಂದರ ಟಯರ್ ಇನ್ನೊಂದಕ್ಕೆ ಕೂರುವುದಿಲ್ಲ. ಟಯರಿನ ಪಕ್ಕದಲ್ಲಿ 50-559 ಎಂಬ ಹಾಗೆ ಅಚ್ಚಾದ ಅಂಕಿಯನ್ನೇ ನಂಬಿ. ದಪ್ಪ ಟಯರಿನ 26 ಇಂಚಿನ, 559 ಗಾಲಿಯ ಸೈಕಲ್ ನನ್ನ ಆಯ್ಕೆ, ಅದರ ಟ್ಯೂಬು ಸಣ್ಣ ಊರಿನ ಅಂಗಡಿಯಲ್ಲೂ ಸಿಗುವ ಸಂಭವ ಹೆಚ್ಚು ಎಂಬ ಕಾರಣಕ್ಕೆ. ವಾಲ್ವ್ ಮೋಟರ್‌ಸೈಕಲ್ಲಿನದರಂತೆ ದಪ್ಪನೆಯದಿರಲಿ. ತೆಳು ವಾಲ್ವಿನ ಟ್ಯೂಬಿಗೆ ಗಾಳಿ ತುಂಬಲು ಪೆಟ್ರೋಲ್ ಬಂಕಿನ ಪೈಪು ನೇರವಾಗಿ ಹಿಡಿಯುವುದಿಲ್ಲ.

ಇನ್ನು ಸೈಕಲ್. ಉಕ್ಕಿನದೋ ಅಲ್ಯುಮಿನಿಯಂನದೋ ಎಂಬ ಚರ್ಚೆಯಲ್ಲಿ ಒಂದು ಕಿಲೊ ತೂಕದ ವ್ಯತ್ಯಾಸವನ್ನು ದೊಡ್ಡದು ಮಾಡುತ್ತಾರೆ. 105 ಕಿಲೊದಲ್ಲಿ ಅದು ಶೇ 1ಕ್ಕಿಂತ ಕಡಿಮೆ. ಒಂದು ಲೀಟರ್ ನೀರಿನ ತೂಕ. ಉಕ್ಕಿನ ಫ್ರೇಮ್ ಬಿರುಕು ಬಿಟ್ಟರೆ ಗಂಗಾವತಿಯಲ್ಲೋ ಕೊಪ್ಪಳದಲ್ಲೋ ವೆಲ್ಡಿಂಗ್ ಮಾಡಿಸಿ ಮನೆ ಸೇರಬಹುದು ಎಂಬುದು ನನಗೆ ಅದಕ್ಕಿಂತ ತೂಕದ ಮಾತು. ಗೇರಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಸಮತಟ್ಟಾದ ಡಾಂಬರಿನಲ್ಲಿ ಟಯರಿನ ಎಳೆತ ಒಂದು ಕಿಲೊ ತೂಕಕ್ಕಿಂತ ಕಡಿಮೆ. ನೂರು ಮೀಟರಿಗೆ ಐದು ಮೀಟರ್ ಏರುವ ದಾರಿಯಲ್ಲಿ ಏರೊಂದೇ ಐದು ಕಿಲೊಗಿಂತ ಹೆಚ್ಚು ಬಲದಿಂದ ಹಿಂದಕ್ಕೆಳೆಯುತ್ತದೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲಿನ ದೊಡ್ಡ ಸೈಕಲ್ ಪೆಡಲಿನ ಒಂದು ಸುತ್ತಿಗೆ ಸುಮಾರು 5.5 ಮೀಟರ್ ಹೋಗುತ್ತದೆ. ಗಂಟೆಗೆ 8 ಕಿಲೊಮೀಟರ್ ವೇಗದಲ್ಲಿ ಏರುವಾಗ ನಿಮಿಷಕ್ಕೆ ಸುಮಾರು 24 ಸುತ್ತು. ಒಂದೊಂದು ತುಳಿತವೂ ಮೊಣಕಾಲಿಗೆ ಹೊರೆ. 26 ಇಂಚಿನ ಗಾಲಿಯ ಸೈಕಲ್ಲಿಗೆ ಮುಂದೆ 28, ಹಿಂದೆ 34 ಹಲ್ಲಿದ್ದರೆ ಅದೇ ವೇಗಕ್ಕೆ ಸುಮಾರು 80 ಸುತ್ತು, ಪ್ರತಿ ತುಳಿತವೂ ಹಗುರ.

ಸಾಮಾನನ್ನು ಬೆನ್ನಿಗೆ ಕಟ್ಟಬೇಡಿ. ಕ್ಯಾರಿಯರಿನ ಎರಡೂ ಪಕ್ಕ ತಗ್ಗಿನಲ್ಲಿ ತೂಗುವ ಚೀಲಗಳಿಗೆ ಹಾಕಿ. ಭಾರ ಕೆಳಗಿದ್ದಷ್ಟೂ ಮರಳಿನಲ್ಲಿ ಹ್ಯಾಂಡಲ್ ಹತೋಟಿಯಲ್ಲಿರುತ್ತದೆ. ಹರಿಗೋಲಿನಲ್ಲಿ ದಾಟಿಸುವುದಾದರೆ ಚೀಲ ಬಿಚ್ಚಿ, ಪೆಡಲಿಗೂ ಗಾಲಿಯ ನಟ್ಟಿಗೂ ಗೋಣಿತಾಟು ಸುತ್ತಿ ಮಲಗಿಸಿ. ಬಿದಿರಿನ ಹೆಣಿಗೆಯ ಮೇಲಿನ ಹೊದಿಕೆ ತೆಳುವಾದದ್ದು, ಒಂದು ಚೂಪು ತುದಿ ಸಾಕು ಹರಿಯಲು.

ಟೆಂಟು ಎಲ್ಲಿ ಹಾಕಬೇಕು ಎಂಬುದನ್ನು ಮೊದಲೇ ಕೇಳಿ ತಿಳಿದಿರಬೇಕು. ಇದು ಹಂಪಿ ವಿಶ್ವ ಪರಂಪರೆಯ ಪ್ರದೇಶ; ಗಡ್ಡಿಯ ಮೇಲಿನ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ನೆಲಸಮ ಮಾಡಲಾಗಿದೆ. ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಅನುಮತಿ ಪಡೆದು, ಹಳ್ಳಿಯ ಸೆರಗಿನಲ್ಲಿ, ಎತ್ತರದ ನೆಲದಲ್ಲಿ ತಂಗುವುದು ಸರಿ. ಹೊಳೆಯ ಮರಳು ಎಷ್ಟೇ ಮೆತ್ತಗೆ ಕಂಡರೂ ಅಲ್ಲಿ ಮಲಗಬೇಡಿ. ಮೇಲೆ 33 ಕ್ರಸ್ಟ್ ಗೇಟುಗಳ ತುಂಗಭದ್ರಾ ಅಣೆಕಟ್ಟಿದೆ. 2019ರ ಆಗಸ್ಟ್‌ನಲ್ಲಿ ನೀರು ಏರಿ ಪ್ರವಾಸಿಗರು ಇದೇ ಗಡ್ಡಿಯಲ್ಲಿ ಸಿಕ್ಕಿಕೊಂಡಿದ್ದರು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಮಳೆಗಾಲದಲ್ಲಿ ಹೊರಡುವ ದಿನ ಟಯರಿನ ಗಾಳಿ ನೋಡಿದಷ್ಟೇ ಜತನದಿಂದ ಅಣೆಕಟ್ಟಿನ ಹೊರಹರಿವನ್ನೂ ವಿಚಾರಿಸಿ. ನೀರು ಬಿಡುವ ಸೂಚನೆ ಇದ್ದರೆ ಗಡ್ಡಿಯ ದಾರಿ ಬಿಟ್ಟು ಆನೆಗೊಂದಿಯಲ್ಲೇ ಉಳಿಯಿರಿ.