ರೈತರ ಸೊಂಟನೋವೂ ನರದ ಒತ್ತಡವೂ

ನಾಟಿಯ ಕಾಲದಲ್ಲಿ ಬಹು ಹೊತ್ತು ಬಗ್ಗಿ ದುಡಿಯುವವರಿಗೂ, ಸುಗ್ಗಿಯಲ್ಲಿ ಮೂಟೆ ಹೊರುವವರಿಗೂ ಸೊಂಟನೋವು ಬರುವುದುಂಟು. ಸೊಂಟದಲ್ಲಿ 5 ಬೆನ್ನುಮೂಳೆಗಳಿದ್ದು, ಅವುಗಳ ನಡುನಡುವೆ ಮೆತ್ತೆಯಂತಹ ಬಿಲ್ಲೆಗಳಿರುವುವು. ಬಿಲ್ಲೆಯ ಹೊರಬಳೆ ನಾರಿನಂತೆ ಗಟ್ಟಿ, ಒಳತಿರುಳು ಮೃದು. ಹೊರಬಳೆ ಬಿರಿದು ತಿರುಳು ಹೊರಚಾಚಿ ನರವನ್ನೊತ್ತಿದರೆ ನೋವು ನಿತಂಬದಿಂದ ಪಾದದವರೆಗೆ ಇಳಿಯುವುದು. ಕಾಲು ಜೋಮು ಹಿಡಿಯುವುದೂ ಉಂಟು. ಇದನ್ನು ವಾತವೆಂದು ಬಗೆದು ಬೆನ್ನು ತುಳಿಸಿಕೊಳ್ಳಲಾಗದು.

ಬಹುಮಂದಿಗೆ ಕೆಲವು ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ಗುಣವಾಗುವುದು. ಹಾಸಿಗೆ ಹಿಡಿಯುವುದಕ್ಕಿಂತ ನೋವು ತಾಳುವಷ್ಟು ನಡೆದಾಡುವುದು ಮೇಲು. ಮೂಟೆಯೆತ್ತುವಾಗ ಮಂಡಿ ಮಡಿಸಿ, ಭಾರವನ್ನು ಮೈಗೆ ಒತ್ತಿ ಹಿಡಿದು, ನಡು ತಿರುಚದೆ ಏಳತಕ್ಕದ್ದು. ಭಾರ ಹೆಚ್ಚಿದ್ದರೆ ಇಬ್ಬರು ಕೂಡಿ ಎತ್ತತಕ್ಕದ್ದು.

ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ತೊಡೆಸಂದಿನಲ್ಲಿ ಸ್ಪರ್ಶಜ್ಞಾನ ತಪ್ಪಿದರೆ, ಕಾಲು ಬಲಗುಂದಿದರೆ, ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು. ತಡವಾದರೆ ನರಗಳು ಮತ್ತೆ ಚೇತರಿಸಿಕೊಳ್ಳದೆ ಇರಬಹುದು.