ಸವೆಯುವ ಮೈ, ಸಿಗದ ನಿದ್ದೆ

2024ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ಹೊರಬಿದ್ದ ಮೇಲೆ ಅಲ್ಲಿನ ಅನೇಕ ಕಪ್ಪು ಮಹಿಳೆಯರು ಒಂದು ತೀರ್ಮಾನವನ್ನು ಬಹಿರಂಗವಾಗಿಯೇ ಹೇಳಿಕೊಂಡರು: ಇನ್ನು ಕೆಲಕಾಲ ನಮಗೆ ವಿಶ್ರಾಂತಿ ಬೇಕು. ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಅವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಸೋತ ಅಭ್ಯರ್ಥಿ ಕಮಲಾ ಹ್ಯಾರಿಸ್ ಅವರಿಗೆ ಮತ ಹಾಕಿದ್ದರು. ಚುನಾವಣೆ ಬಂದಾಗಲೆಲ್ಲ ಮನೆಮನೆ ಸುತ್ತಿ ಮತದಾರರನ್ನು ಸಂಘಟಿಸುವುದು, ಚರ್ಚಿನ ಕೆಲಸ, ಮಕ್ಕಳ ಶಾಲೆ, ಮನೆಯ ಹಿರಿಯರ ಆರೈಕೆ ಎಲ್ಲಕ್ಕೂ ಹೆಗಲು ಕೊಡುತ್ತ ಬಂದ ಹೆಂಗಸರು ಇವರು. ಅವರ ಮಾತನ್ನು ಕೆಲವರು ಸೋಲಿನ ಬೇಸರ ಎಂದುಕೊಂಡರು, ಕೆಲವರು ಹೊಣೆಯಿಂದ ಜಾರಿಕೊಳ್ಳುವ ನೆಪ ಎಂದರು. ವೈದ್ಯವಿಜ್ಞಾನ ಕಲೆಹಾಕಿರುವ ಸಾಕ್ಷ್ಯಗಳನ್ನು ನೋಡಿದವರು ಹಾಗೆ ಹೇಳಲಾರರು. ಈ ಮಹಿಳೆಯರ ದಣಿವನ್ನು ಸಂಶೋಧಕರು ರಕ್ತದಲ್ಲಿ, ರಕ್ತದೊತ್ತಡದಲ್ಲಿ, ನಿದ್ದೆಯ ಅಲೆಗಳಲ್ಲಿ, ಕ್ರೋಮೊಸೋಮುಗಳ ತುದಿಯಲ್ಲಿ ಅಳೆದು ನೋಡಿದ್ದಾರೆ. ವಿಶ್ರಾಂತಿ ಅವರ ಪಾಲಿಗೆ ಆಯಸ್ಸಿನ ಪ್ರಶ್ನೆ.

ವಯಸ್ಸಿಗೆ ಮೊದಲೇ ಮುಪ್ಪು

1970ರ ದಶಕದ ಕೊನೆಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿದ್ದ ಆರ್ಲೀನ್ ಜೆರೋನಿಮಸ್, ಹತ್ತಿರದ ಟ್ರೆಂಟನ್ ನಗರದಲ್ಲಿ ಗರ್ಭಿಣಿಯರಾದ ಹದಿಹರೆಯದ ಹುಡುಗಿಯರ ಶಾಲೆಯೊಂದರಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದರು. ಹುಡುಗಿಯರಲ್ಲಿ ಹೆಚ್ಚಿನವರು ಬಡ ಕಪ್ಪು ಕುಟುಂಬದವರು. ಆ ಎಳೆಯ ವಯಸ್ಸಿಗೇ ಅವರನ್ನು ಕಾಡುತ್ತಿದ್ದ ಕಾಯಿಲೆಗಳನ್ನು ಕಂಡು ಜೆರೋನಿಮಸ್‌ಗೆ ಅಚ್ಚರಿಯಾಯಿತು. ಮುಂದೆ ಸಂಶೋಧಕಿಯಾಗಿ ಅವರು ದೇಶದ ಶಿಶುಮರಣದ ಅಂಕಿಗಳನ್ನು ತಾಯಿಯ ವಯಸ್ಸಿನ ಜೊತೆ ಹೊಂದಿಸಿ ನೋಡಿದರು. ಬಿಳಿಯರಲ್ಲಿ ಹದಿಹರೆಯದ ತಾಯಂದಿರಿಗಿಂತ ಇಪ್ಪತ್ತು ದಾಟಿದ ತಾಯಂದಿರ ಮಕ್ಕಳು ಹೆಚ್ಚು ಸುರಕ್ಷಿತವಾಗಿದ್ದರು. ಕಪ್ಪು ತಾಯಂದಿರಲ್ಲಿ ಲೆಕ್ಕ ತಲೆಕೆಳಗಾಗಿತ್ತು: ತಾಯಿಯ ವಯಸ್ಸು ಇಪ್ಪತ್ತು ದಾಟಿ ಮುಂದೆ ಹೋದಂತೆ ಶಿಶುವಿನ ಅಪಾಯ ಏರುತ್ತಿತ್ತು. ಮೈ ಗಟ್ಟಿಮುಟ್ಟಾಗಿರಬೇಕಾದ ವಯಸ್ಸಿನಲ್ಲೇ ಅದು ಸೋಲಲು ಶುರುವಾಗಿತ್ತು.

1992ರಲ್ಲಿ ಜೆರೋನಿಮಸ್ ಇದಕ್ಕೆ ‘ವೆದರಿಂಗ್’ ಎಂಬ ಹೆಸರು ಕೊಟ್ಟು ಒಂದು ಸಿದ್ಧಾಂತ ಮುಂದಿಟ್ಟರು. ಬಿಸಿಲು, ಮಳೆ, ಗಾಳಿಗೆ ಒಡ್ಡಿಕೊಂಡ ಬಂಡೆ ಸವೆಯುವಂತೆ, ತಾರತಮ್ಯ ಮತ್ತು ಅಭದ್ರತೆಗೆ ದಿನವೂ ಒಡ್ಡಿಕೊಂಡ ದೇಹ ಕಾಲಕ್ಕೆ ಮೊದಲೇ ಸವೆಯುತ್ತದೆ ಎಂಬುದು ಅವರ ವಾದ. ಆಗ ಅನೇಕರು ಇದನ್ನು ಒಪ್ಪಲಿಲ್ಲ. ಬಡತನ, ಆಹಾರ, ಅಭ್ಯಾಸ, ವಂಶವಾಹಿ ಹೀಗೆ ಬೇರೆ ಕಾರಣಗಳನ್ನು ಮುಂದಿಟ್ಟರು.

2006ರಲ್ಲಿ ಜೆರೋನಿಮಸ್ ಮತ್ತು ಸಂಗಡಿಗರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ದತ್ತಾಂಶವನ್ನು ಕೈಗೆತ್ತಿಕೊಂಡರು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಉರಿಯೂತದ ಸೂಚಕ ಮುಂತಾದ ಹತ್ತು ಅಳತೆಗಳನ್ನು ಕೂಡಿಸಿ ಒಬ್ಬೊಬ್ಬರ ದೇಹ ಎಷ್ಟು ಸವೆದಿದೆ ಎಂದು ಅಂಕ ಕೊಟ್ಟರು. ಅತಿ ಹೆಚ್ಚಿನ ಸವೆತದ ಸಾಧ್ಯತೆ ಇದ್ದದ್ದು ಬಡ ಕಪ್ಪು ಮಹಿಳೆಯರಲ್ಲಿ. ಎರಡನೆಯ ಸ್ಥಾನದಲ್ಲಿ ಯಾರಿದ್ದರು? ಬಡವರಲ್ಲದ ಕಪ್ಪು ಮಹಿಳೆಯರು. ಈ ಮಹಿಳೆಯರ ದೇಹ ಬಡ ಬಿಳಿಯರ ದೇಹಕ್ಕಿಂತಲೂ ಹೆಚ್ಚು ಬಳಲಿತ್ತು. ಬಡತನವೊಂದೇ ಕಾರಣ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು.

ಅದೇ ತಂಡ 2010ರಲ್ಲಿ ಟೆಲೊಮಿಯರ್‌ಗಳ ಕಡೆ ನೋಡಿತು. ಕ್ರೋಮೊಸೋಮಿನ ತುದಿಯಲ್ಲಿರುವ ಈ ಡಿಎನ್ಎ ತುಣುಕುಗಳು ಜೀವಕೋಶ ವಿಭಜನೆಯಾದಂತೆಲ್ಲ ಗಿಡ್ಡವಾಗುತ್ತ ಹೋಗುತ್ತವೆ. 49ರಿಂದ 55 ವರ್ಷದ ಕಪ್ಪು ಮಹಿಳೆಯರ ಟೆಲೊಮಿಯರ್‌ಗಳನ್ನು ಅದೇ ವಯಸ್ಸಿನ ಬಿಳಿ ಮಹಿಳೆಯರ ಟೆಲೊಮಿಯರ್‌ಗಳೊಂದಿಗೆ ಹೋಲಿಸಿದಾಗ, ಕಪ್ಪು ಮಹಿಳೆಯರು ಜೈವಿಕವಾಗಿ ಸುಮಾರು ಏಳೂವರೆ ವರ್ಷ ಹೆಚ್ಚು ವಯಸ್ಸಾದವರಂತೆ ಕಂಡರು. ಇನ್ನೂರು ಚಿಲ್ಲರೆ ಮಹಿಳೆಯರ ಸಣ್ಣ ಅಧ್ಯಯನ ಅದು. ಅದರ ಅಂಕಿಯನ್ನು ಅಂದಾಜೆಂದೇ ತಿಳಿಯಬೇಕು. ಆದರೂ ಅದು ತೋರಿಸುವ ದಿಕ್ಕು ಉಳಿದ ಸಾಕ್ಷ್ಯಗಳ ದಿಕ್ಕೇ.

ಒತ್ತಡ ಒಳಗೆ ಇಳಿಯುವ ಬಗೆ

ಅಪಾಯ ಎದುರಾದಾಗ ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಅದು ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸುತ್ತದೆ. ಅದರಿಂದ ಕಾರ್ಟಿಸಾಲ್, ನರಗಳ ಸಂದೇಶದಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತವೆ. ಎದೆಬಡಿತ ಏರುತ್ತದೆ, ಸ್ನಾಯುಗಳಿಗೆ ಸಕ್ಕರೆ ಹರಿಯುತ್ತದೆ, ಜೀರ್ಣಕ್ರಿಯೆಯಂಥ ತುರ್ತಿಲ್ಲದ ಕೆಲಸಗಳು ಹಿಂದೆ ಸರಿಯುತ್ತವೆ. ಅಪಾಯ ಕಳೆದ ಮೇಲೆ ಎಲ್ಲವೂ ಮೊದಲಿನ ಸ್ಥಿತಿಗೆ ಬರಬೇಕು. ಈ ಏರ್ಪಾಟು ನಮ್ಮನ್ನು ಕಾಪಾಡುವುದೇ ಹಾಗೆ ಮರಳಿ ಬರುವುದರಿಂದ.

ಅಪಾಯ ಕಳೆಯದೇ ಉಳಿದರೆ ಏನಾಗುತ್ತದೆ? 1993ರಲ್ಲಿ ಬ್ರೂಸ್ ಮೆಕ್ಈವನ್ ಮತ್ತು ಎಲಿಯಟ್ ಸ್ಟೆಲ್ಲರ್ ಎಂಬ ವಿಜ್ಞಾನಿಗಳು ಇದನ್ನು ‘ಅಲೊಸ್ಟಾಟಿಕ್ ಲೋಡ್’ ಎಂದು ಕರೆದರು. ಹೊಂದಿಕೊಳ್ಳುತ್ತ ಹೊಂದಿಕೊಳ್ಳುತ್ತಲೇ ದೇಹದ ಮೇಲೆ ಕೂಡುತ್ತ ಹೋಗುವ ಹೊರೆ ಅದು. ಕಾರ್ಟಿಸಾಲಿನ ದಿನಚರಿ ಕೆಡುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಸಣ್ಣ ಮಟ್ಟದ ಉರಿಯೂತ ಮೈಯಲ್ಲಿ ನೆಲೆಸಿಬಿಡುತ್ತದೆ. ಬಿಪಿ, ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೆ ದಾರಿಯಾಗುವುದು ಹೀಗೆ. ಇವತ್ತು ಅಮೆರಿಕದ ವಯಸ್ಕ ಕಪ್ಪು ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತದೊತ್ತಡದ ಕಾಯಿಲೆ ಇದೆ.

ಈ ಅಪಾಯ ಎದುರಿಗೆ ಬಂದು ನಿಲ್ಲುವಂಥದ್ದೇ ಆಗಬೇಕಿಲ್ಲ. ಸಮಾಜವಿಜ್ಞಾನಿ ಡೇವಿಡ್ ವಿಲಿಯಮ್ಸ್ 1997ರಲ್ಲಿ ರೂಪಿಸಿದ ಪ್ರಶ್ನಾವಳಿಯೊಂದು ದಿನನಿತ್ಯದ ಸಣ್ಣ ಅವಮಾನಗಳನ್ನು ಅಳೆಯುತ್ತದೆ. ಹೋಟೆಲಿನಲ್ಲಿ, ಅಂಗಡಿಯಲ್ಲಿ ಬೇರೆಯವರಿಗೆ ಸಿಗುವ ಸೇವೆ ನಿಮಗೆ ಸಿಗುವುದಿಲ್ಲವೇ? ನಿಮಗೆ ಬುದ್ಧಿ ಕಡಿಮೆ ಎಂಬಂತೆ ಜನ ನಡೆದುಕೊಳ್ಳುತ್ತಾರೆಯೇ? ನಿಮ್ಮನ್ನು ಕಂಡರೆ ಹೆದರುತ್ತಾರೆಯೇ? ಇವುಗಳಲ್ಲಿ ಯಾವುದೂ ಪೊಲೀಸ್ ಠಾಣೆಯಲ್ಲಿ ದೂರು ಕೊಡುವಷ್ಟು ದೊಡ್ಡದಲ್ಲ. ಆದರೆ ಇವತ್ತು ಏನು ಕಾದಿದೆಯೋ ಎಂದು ಮನಸ್ಸು ಬೆಳಗಿನಿಂದಲೇ ಕಾವಲು ಕೂರುತ್ತದೆ. ಹಾರ್ಮೋನುಗಳಿಗೆ ಅಷ್ಟು ಸಾಕು.

ನಿದ್ದೆಯಲ್ಲೂ ತಾರತಮ್ಯ

ಈ ಕಾವಲು ಸಡಿಲಗೊಳ್ಳಬೇಕಾದದ್ದು ರಾತ್ರಿಯಲ್ಲಿ. ಗಾಢ ನಿದ್ದೆಯಲ್ಲಿ ಎದೆಬಡಿತ ನಿಧಾನವಾಗುತ್ತದೆ, ಕಾರ್ಟಿಸಾಲ್ ತಗ್ಗುತ್ತದೆ, ದುರಸ್ತಿಗೆ ಬೇಕಾದ ಬೆಳವಣಿಗೆಯ ಹಾರ್ಮೋನು ಒಸರುತ್ತದೆ, ರಕ್ತದೊತ್ತಡ ಹಗಲಿಗಿಂತ ಶೇ 10ರಿಂದ 20ರಷ್ಟು ಇಳಿಯುತ್ತದೆ. ರಾತ್ರಿಯೂ ಇಳಿಯದ ರಕ್ತದೊತ್ತಡ ಹೃದಯಕ್ಕೂ ಮೂತ್ರಪಿಂಡಕ್ಕೂ ಕೇಡು. ಕಪ್ಪು ಅಮೆರಿಕನ್ನರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಅಮೆರಿಕದ ರೋಗನಿಯಂತ್ರಣ ಕೇಂದ್ರ ಸಿಡಿಸಿ 2014ರ ಸಮೀಕ್ಷೆ ಆಧರಿಸಿ ಕೊಟ್ಟ ಲೆಕ್ಕದಂತೆ, ಏಳು ಗಂಟೆಗಿಂತ ಕಡಿಮೆ ನಿದ್ರಿಸುವವರು ಬಿಳಿಯರಲ್ಲಿ ಶೇ 33, ಕಪ್ಪು ಜನರಲ್ಲಿ ಶೇ 46. 2006ರ ಇನ್ನೊಂದು ಅಧ್ಯಯನ ಮಲಗಿದವರ ಮಿದುಳಿನ ಅಲೆಗಳನ್ನೇ ದಾಖಲಿಸಿತು. ಕಪ್ಪು ಜನರಲ್ಲಿ ಗಾಢ ನಿದ್ದೆಯ ಪಾಲು ಕಡಿಮೆ ಇತ್ತು, ಮತ್ತು ತಾರತಮ್ಯದ ಅನುಭವ ಹೆಚ್ಚಿದಷ್ಟೂ ಆ ಪಾಲು ಕಡಿಮೆಯಾಗುತ್ತಿತ್ತು. 1995ರಲ್ಲಿ ಆರಂಭವಾಗಿ ಸುಮಾರು 59,000 ಕಪ್ಪು ಮಹಿಳೆಯರ ಆರೋಗ್ಯದ ಜಾಡು ಹಿಡಿದಿರುವ ‘ಬ್ಲ್ಯಾಕ್ ವಿಮೆನ್ಸ್ ಹೆಲ್ತ್ ಸ್ಟಡಿ’ ಕೂಡ ವರ್ಣತಾರತಮ್ಯಕ್ಕೂ ನಿದ್ರಾಹೀನತೆಗೂ ನಂಟಿರುವುದನ್ನು ಗುರುತಿಸಿದೆ.

ನಿದ್ದೆ ಕೆಟ್ಟರೆ ದೇಹ ಎಷ್ಟು ಬೇಗ ತತ್ತರಿಸುತ್ತದೆ ಎಂಬುದನ್ನು ಶಿಕಾಗೊ ವಿಶ್ವವಿದ್ಯಾಲಯದ 1999ರ ಪ್ರಯೋಗ ತೋರಿಸಿತ್ತು. ಆರೋಗ್ಯವಂತ ತರುಣರನ್ನು ಸತತ ಆರು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟಾಗ, ರಕ್ತದ ಸಕ್ಕರೆಯನ್ನು ನಿಭಾಯಿಸುವ ಅವರ ಶಕ್ತಿ ಎದ್ದು ಕಾಣುವಷ್ಟು ಕುಗ್ಗಿತು, ಸಂಜೆಯ ಕಾರ್ಟಿಸಾಲ್ ಏರಿತು. ಒಂದು ವಾರದ ಒಳಗೆ ಇಷ್ಟಾದರೆ ವರ್ಷಗಟ್ಟಲೆ ಅರೆನಿದ್ದೆಯಲ್ಲಿ ಬದುಕಿದವರ ಪಾಡೇನು?

ಬೇಗ ಮಲಗಿ ಎಂದು ಬುದ್ಧಿ ಹೇಳುವುದು ಸುಲಭ. ಮಲಗುವ ಜಾಗ ಎಂಥದ್ದು ಎಂಬುದನ್ನೂ ನೋಡಬೇಕು. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿ, ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು ‘ಸಾಲಕ್ಕೆ ಅಪಾಯಕಾರಿ’ ಎಂದು ಗುರುತು ಹಾಕಿತು. ಅಲ್ಲಿ ಮರಗಳು ಬೆಳೆಯಲಿಲ್ಲ, ಉದ್ಯಾನಗಳು ಬರಲಿಲ್ಲ, ಹೆದ್ದಾರಿಗಳು ಬಂದವು. 108 ನಗರ ಪ್ರದೇಶಗಳನ್ನು ಪರಿಶೀಲಿಸಿದ 2020ರ ಅಧ್ಯಯನದಂತೆ, ಕೆಂಪು ಬಳಿದಿದ್ದ ಬಡಾವಣೆಗಳು ಉಳಿದವುಗಳಿಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿ. ಸೆಕೆ, ಸದ್ದು, ಬೀದಿದೀಪದ ಬೆಳಕು, ರಾತ್ರಿಪಾಳಿಯ ಕೆಲಸ ಇವೆಲ್ಲ ಸೇರಿದ ಮೇಲೆ ನಿದ್ದೆ ಎಲ್ಲಿಂದ ಬರಬೇಕು?

ಕಾನೂನು ಕೂಡ ಅವರ ವಿಶ್ರಾಂತಿಯನ್ನು ಬಹುಕಾಲ ಲೆಕ್ಕಕ್ಕೆ ಹಿಡಿಯಲಿಲ್ಲ. 1938ರಲ್ಲಿ ಕನಿಷ್ಠ ವೇತನ ಮತ್ತು ಹೆಚ್ಚುವರಿ ದುಡಿಮೆಗೆ ಹೆಚ್ಚುವರಿ ಕೂಲಿಯನ್ನು ಖಾತರಿಪಡಿಸಿದ ಕಾನೂನು ಬಂದಾಗ ಮನೆಗೆಲಸದವರನ್ನೂ ಹೊಲಗೆಲಸದವರನ್ನೂ ಹೊರಗಿಡಲಾಯಿತು. ದುಡಿಯುವ ಕಪ್ಪು ಮಹಿಳೆಯರಲ್ಲಿ ಬಹುಪಾಲು ಮಂದಿ ಆಗ ಇವೆರಡರಲ್ಲೇ ಇದ್ದರು. ಮನೆಗೆಲಸದವರು ಆ ಕಾನೂನಿನ ವ್ಯಾಪ್ತಿಗೆ ಬಂದದ್ದು 1974ರಲ್ಲಿ.

ಗಟ್ಟಿಗಿತ್ತಿಯ ಹೊರೆ

ಇಂಥ ಚರಿತ್ರೆಯಲ್ಲಿ ಬದುಕಿ ಉಳಿಯಲು ತಲೆಮಾರುಗಳ ಹೆಂಗಸರು ಗಟ್ಟಿಗಿತ್ತಿಯರಾದರು. ಆ ಗಟ್ಟಿತನಕ್ಕೂ ಬೆಲೆ ಇದೆ. ನರ್ಸಿಂಗ್ ವಿಜ್ಞಾನಿ ಷೆರಿಲ್ ವುಡ್ಸ್-ಜಿಸ್ಕೊಂಬೆ 2010ರಲ್ಲಿ ಕಪ್ಪು ಮಹಿಳೆಯರ ಗುಂಪುಗಳೊಂದಿಗೆ ಮಾತಾಡಿ ‘ಸೂಪರ್‌ವುಮನ್ ಸ್ಕೀಮಾ’ ಎಂಬ ಚೌಕಟ್ಟನ್ನು ರೂಪಿಸಿದರು. ಅದರಲ್ಲಿ ಐದು ಎಳೆಗಳಿವೆ: ಸದಾ ಬಲಶಾಲಿಯಾಗಿ ಕಾಣಬೇಕು, ಭಾವನೆಗಳನ್ನು ನುಂಗಿಕೊಳ್ಳಬೇಕು, ಯಾರ ಮುಂದೆಯೂ ದುರ್ಬಲಳಾಗಿ ಕಾಣಬಾರದು, ಕೈಯಲ್ಲಿ ಏನಿಲ್ಲದಿದ್ದರೂ ಗೆಲ್ಲಬೇಕು, ಎಲ್ಲರಿಗೂ ಆಸರೆಯಾಗಬೇಕು.

ಸಂಶೋಧಕಿ ಅಮಾನಿ ಅಲೆನ್ ಮತ್ತು ಸಂಗಡಿಗರು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ 208 ಮಹಿಳೆಯರಲ್ಲಿ ಈ ಎಳೆಗಳನ್ನು ದೇಹದ ಸವೆತದ ಜೊತೆ ಹೋಲಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನಿರೀಕ್ಷಿಸದ ಒಂದು ಸಂಗತಿ ಇತ್ತು. ತಾರತಮ್ಯದ ಎದುರು ಬಲಶಾಲಿಯಾಗಿ ನಿಲ್ಲುವುದು, ಭಾವನೆಗಳನ್ನು ಹಿಡಿದಿಟ್ಟುಕೊಳ್ಳುವುದು ಇವು ಆರೋಗ್ಯವನ್ನು ಸ್ವಲ್ಪ ಮಟ್ಟಿಗೆ ಕಾಯುವಂತೆ ಕಂಡವು. ಹಾನಿಯನ್ನು ಹೆಚ್ಚಿಸಿದವು ಬೇರೆ ಎರಡು: ಗೆಲ್ಲಲೇಬೇಕೆಂಬ ತೀವ್ರ ಛಲ ಮತ್ತು ಎಲ್ಲರಿಗೂ ನೆರವಾಗಲೇಬೇಕೆಂಬ ಹೊಣೆ. ಸಮಾಜ ಇವರಲ್ಲಿ ಅತಿ ಹೆಚ್ಚು ಮೆಚ್ಚಿ ಕೊಂಡಾಡುವ ಗುಣಗಳು ಇವೇ ಎರಡು ಎಂಬುದು ನನ್ನನ್ನು ಬಹಳವಾಗಿ ಕಲಕುತ್ತದೆ.

ಈ ಹೊಣೆಗೆ ‘ಆಗುವುದಿಲ್ಲ’ ಎಂದು ಹೇಳಲು, ತನಗೆ ಬೇಕಾದದ್ದನ್ನು ಪಟ್ಟು ಹಿಡಿದು ಕೇಳಲು ತನ್ನ ಜೀವಕ್ಕೂ ಬೆಲೆಯಿದೆ ಎಂಬ ನಂಬಿಕೆ ಬೇಕು. ಟೆನಿಸ್ ತಾರೆ ಸೆರೀನಾ ವಿಲಿಯಮ್ಸ್ 2017ರಲ್ಲಿ ಮಗುವಿಗೆ ಜನ್ಮ ಕೊಟ್ಟ ಮರುದಿನ ಉಸಿರು ಕಟ್ಟಿದಂತಾದಾಗ ತಾನೇ ಸಿ.ಟಿ. ಸ್ಕ್ಯಾನ್ ಮಾಡುವಂತೆ ಕೇಳಿದರು. ನೋವಿನ ಔಷಧದಿಂದ ಗಲಿಬಿಲಿಗೊಂಡಿದ್ದಾರೆ ಎಂದುಕೊಂಡರಂತೆ ನರ್ಸ್. ಸೆರೀನಾ ಪಟ್ಟು ಬಿಡಲಿಲ್ಲ. ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ರಕ್ತದ ಹೆಪ್ಪುಗಳು ಕಂಡವು, ಜೀವ ಉಳಿಯಿತು. ಹಾಗೆ ಪಟ್ಟು ಹಿಡಿಯುವ ಬಲ, ಹಿಡಿದರೂ ಕೇಳಿಸಿಕೊಳ್ಳುವ ಕಿವಿ ಎಲ್ಲರಿಗೂ ಸಿಗುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ ಬಿಳಿ ತಾಯಂದಿರ ಸಾವು 14.5, ಕಪ್ಪು ತಾಯಂದಿರ ಸಾವು 50.3.

ಸ್ವಂತ ಮೌಲ್ಯದ ಅರಿವು ದೇಹವನ್ನು ಮುಟ್ಟುತ್ತದೆಯೇ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ನಡೆದ 2005ರ ಪ್ರಯೋಗ ಹೌದೆನ್ನುತ್ತದೆ. ಒತ್ತಡದ ಪರೀಕ್ಷೆಗೆ ಮೊದಲು ತಮಗೆ ಮುಖ್ಯವೆನಿಸುವ ಮೌಲ್ಯಗಳ ಬಗ್ಗೆ ಯೋಚಿಸಿದ ವಿದ್ಯಾರ್ಥಿಗಳಲ್ಲಿ ಕಾರ್ಟಿಸಾಲ್ ಕಡಿಮೆ ಏರಿತು. ಪ್ರಯೋಗಾಲಯದ ಸಣ್ಣ ಪರಿಣಾಮ ಇದು, ಮದ್ದು ಎನ್ನಲಾಗದು. ಮನಸ್ಸು ತನ್ನನ್ನು ಕಾಣುವ ರೀತಿ ಹಾರ್ಮೋನಿನವರೆಗೂ ಹೋಗುತ್ತದೆ ಎಂಬುದಕ್ಕೆ ಮಾತ್ರ ಇದು ಪುರಾವೆ.

ತಾವೇ ಕಟ್ಟಿಕೊಂಡ ಆರೈಕೆ

ಸಂಶೋಧನೆಗಳು ಬರುವ ಮೊದಲೇ ಕಪ್ಪು ಮಹಿಳೆಯರು ಈ ಸವೆತವನ್ನೂ ಆರೈಕೆಯ ಅಗತ್ಯವನ್ನೂ ತಮ್ಮ ಮೈಯಿಂದ ಅರಿತಿದ್ದರು. ಮಾಂಟ್ಗೊಮರಿಯ ಬಸ್ಸಿನಲ್ಲಿ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಯೋಗಾಭ್ಯಾಸ ಮಾಡುತ್ತಿರುವ 1973ರ ಚಿತ್ರ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. 33ರ ವಯಸ್ಸಿನ ಪತಿಯನ್ನು ಹೃದಯಾಘಾತದಲ್ಲಿ ಕಳೆದುಕೊಂಡ ಬಿಲ್ಲಿ ಏವರಿ 1983ರಲ್ಲಿ ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿನಲ್ಲಿ ಕಪ್ಪು ಮಹಿಳೆಯರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಸಮ್ಮೇಳನ ಸೇರಿಸಿದರು. ಅಲ್ಲಿಂದ ಹುಟ್ಟಿದ ಸಂಸ್ಥೆ ಹೆಂಗಸರು ಕೂತು ಮನಸ್ಸು ಬಿಚ್ಚಿ ಮಾತಾಡುವ ಸ್ವಸಹಾಯ ಗುಂಪುಗಳನ್ನು ಕಟ್ಟಿತು. ಕವಿ ಆಡ್ರಿ ಲಾರ್ಡ್ ಕ್ಯಾನ್ಸರ್ ಪಿತ್ತಜನಕಾಂಗಕ್ಕೆ ಹರಡಿದ್ದಾಗ ಬರೆದ 1988ರ ಪುಸ್ತಕದಲ್ಲಿ ತನ್ನ ದೇಹದ ಆರೈಕೆಯನ್ನು ರಾಜಕೀಯ ಹೋರಾಟದ ಭಾಗವಾಗಿಯೇ ಕಂಡರು. 2010ರಲ್ಲಿ ಶುರುವಾದ ‘ಗರ್ಲ್‌ಟ್ರೆಕ್’ ಲಕ್ಷಾಂತರ ಕಪ್ಪು ಮಹಿಳೆಯರನ್ನು ದಿನದ ನಡಿಗೆಗೆ ಕರೆತಂದಿದೆ. 2016ರಿಂದ ಟ್ರಿಷಾ ಹರ್ಸಿ ‘ನ್ಯಾಪ್ ಮಿನಿಸ್ಟ್ರಿ’ ಹೆಸರಿನಲ್ಲಿ ಜನರನ್ನು ಒಂದೆಡೆ ಸೇರಿಸಿ, ದಿಂಬು ಚಾಪೆ ಹಾಸಿ ಮಲಗಿಸುತ್ತ ಬಂದಿದ್ದಾರೆ.

ಚಿಕಿತ್ಸೆಗೂ ಈಗ ಗಟ್ಟಿ ಸಾಕ್ಷ್ಯವಿದೆ. ನಿದ್ರಾಹೀನತೆಯಿಂದ ನರಳುವ 333 ಕಪ್ಪು ಮಹಿಳೆಯರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಮಲಗುವ ಹೊತ್ತು, ಆತಂಕದ ಯೋಚನೆಗಳು, ಹಾಸಿಗೆಯ ಅಭ್ಯಾಸಗಳನ್ನು ಹಂತಹಂತವಾಗಿ ತಿದ್ದುವ ಆನ್‌ಲೈನ್ ಚಿಕಿತ್ಸೆ ಅವರ ನಿದ್ದೆಯನ್ನು ಸುಧಾರಿಸಿತು. ಅದನ್ನು ಅವರದೇ ಬದುಕಿಗೆ ಒಗ್ಗಿಸಿ, ವಿಡಿಯೊಗಳಲ್ಲಿ ಕಪ್ಪು ಮಹಿಳೆಯರನ್ನೇ ತೋರಿಸಿದಾಗ ಕೊನೆಯವರೆಗೂ ಪೂರೈಸಿದವರ ಸಂಖ್ಯೆ ಹೆಚ್ಚಿತು.

ಹಾಗೆಂದು ಎಲ್ಲ ಹೊಣೆಯನ್ನೂ ಮತ್ತೆ ಆ ಮಹಿಳೆಯ ಹೆಗಲಿಗೇ ಹಾಕಿದರೆ ಹೊರೆಗೆ ಇನ್ನೊಂದು ಹೊರೆ ಸೇರಿದಂತೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಖಾಸಗಿ ಉದ್ಯೋಗಿಗಳಿಗೆ ಸಂಬಳಸಹಿತ ಹೆರಿಗೆ ರಜೆ ಇಂದಿಗೂ ಇಲ್ಲ. 1993ರ ಕಾನೂನು ಕೊಡುವುದು ಹನ್ನೆರಡು ವಾರಗಳ ಸಂಬಳರಹಿತ ರಜೆ, ಅದೂ ದೊಡ್ಡ ಸಂಸ್ಥೆಗಳಲ್ಲಿ ದುಡಿಯುವವರಿಗೆ. ಕೆಂಪು ಬಳಿದ ಬಡಾವಣೆಗಳಿಗೆ ಮರ, ರಾತ್ರಿಪಾಳಿಯವರಿಗೆ ನ್ಯಾಯವಾದ ಕೆಲಸದ ವೇಳೆ, ಆಸ್ಪತ್ರೆಯಲ್ಲಿ ರೋಗಿಯ ಮಾತಿಗೆ ಬೆಲೆ ಇವನ್ನು ಸರ್ಕಾರ ಮತ್ತು ಸಂಸ್ಥೆಗಳು ಕೊಡಬೇಕು.

ಆದರೆ ಕಾನೂನು ಬದಲಾಗುವವರೆಗೆ ರಕ್ತನಾಳಗಳು ಕಾಯುವುದಿಲ್ಲ. ಮಿಸಿಸಿಪ್ಪಿಯಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿ, ಜೈಲಿನಲ್ಲಿ ಏಟು ತಿಂದ ಫ್ಯಾನಿ ಲೂ ಹೇಮರ್ ತೀರಿಕೊಂಡಾಗ ವಯಸ್ಸು 59. ಆಡ್ರಿ ಲಾರ್ಡ್‌ಗೆ 58. ಅವರ ಅನುಭವ, ತಿಳಿವಳಿಕೆ, ಧೈರ್ಯ ಮುಂದಿನ ತಲೆಮಾರಿಗೆ ಇನ್ನೂ ಇಪ್ಪತ್ತು ಮೂವತ್ತು ವರ್ಷ ಸಿಗಬೇಕಿತ್ತು. ಇಂದಿನ ಹೆಂಗಸರು ಕೆಲಕಾಲ ಹಿಂದೆ ಸರಿದು ನಿದ್ದೆ ಮಾಡುತ್ತೇವೆ, ನಡೆಯುತ್ತೇವೆ, ವೈದ್ಯರ ಬಳಿ ಹೋಗುತ್ತೇವೆ ಎಂದಾಗ ಅವರನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಎಪ್ಪತ್ತು ಎಂಬತ್ತರವರೆಗೆ ಆರೋಗ್ಯವಾಗಿ ಬಾಳುವುದು ಅವರಿಗೆ ಸಲ್ಲಬೇಕಾದ ಪಾಲು, ಮತ್ತು ಅವರು ನಡೆಸುವ ಯಾವ ಹೋರಾಟಕ್ಕಾದರೂ ಅದೇ ದೊಡ್ಡ ಬಲ.